ನಾಕ್ಸೋಸ್‌ನಲ್ಲಿ ಯಾವ ಊರಿನಲ್ಲಿ ಉಳಿದುಕೊಳ್ಳೋದು? ಮೊದಲು ಸಂಜೆಯ ಲೆಕ್ಕ ಹಾಕಿ

ಪ್ರಶ್ನೆ: ನಾವು ಮ್ಯೂನಿಕ್‌ನಲ್ಲಿ ಇದ್ದೇವೆ. ಸೆಪ್ಟೆಂಬರ್ ಮೊದಲ ವಾರ ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ 6 ರಾತ್ರಿ ಇರುವ ಯೋಚನೆ. ನಾನು, ಹೆಂಡತಿ, 7 ವರ್ಷದ ಮಗಳು, ಜೊತೆಗೆ ಶಿವಮೊಗ್ಗದಿಂದ ಬರುವ ಅಪ್ಪ-ಅಮ್ಮ. ಅಮ್ಮನಿಗೆ ಮಂಡಿನೋವು. ಅಪ್ಪ-ಅಮ್ಮ ಇಬ್ಬರೂ ಮೊಟ್ಟೆ ಕೂಡ ತಿನ್ನುವುದಿಲ್ಲ. ನನಗೆ ಪ್ಲಾಕಾ ಬೀಚ್ ಮೇಲೆ ಮನಸ್ಸು, ಹೆಂಡತಿಗೆ ಬೆಟ್ಟದ ಮೇಲಿನ ಅಪೀರಾಂಥೋಸ್. ಕಾರು ಓಡಿಸುತ್ತೇನೆ, ಆದರೆ ರಜೆಯಲ್ಲಿ ದಿನಾ ಓಡಿಸಲು ಇಷ್ಟವಿಲ್ಲ. ಯಾವ ಊರಿನಲ್ಲಿ ರೂಮು ಮಾಡಲಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ನೀವು ಐದು ಜನವೂ ಒಟ್ಟಿಗೆ ಹೋಗುವುದಾದರೆ ಪ್ಲಾಕಾನೂ ಬೇಡ, ಅಪೀರಾಂಥೋಸೂ ಬೇಡ. ಬಂದರಿನ ಊರಾದ ಹೋರಾದಲ್ಲಿ ಉಳಿಯಿರಿ. ನಕ್ಷೆಯಲ್ಲಿ ಅದನ್ನು ನಾಕ್ಸೋಸ್ ಟೌನ್ ಅಂತಲೂ ಬರೆದಿರುತ್ತಾರೆ. ಅಲ್ಲೂ ಕೋಟೆಯ ಕಡೆ ಅಲ್ಲ, ದಕ್ಷಿಣಕ್ಕೆ, ಸೇಂಟ್ ಜಾರ್ಜ್ ಬೀಚಿನ ಹಿಂದಿರುವ ಸಮತಟ್ಟಾದ ಬೀದಿಗಳಲ್ಲಿ. ಆರು ರಾತ್ರಿಯೂ ಅಲ್ಲೇ ಇರಿ. ಕಾರು ಎರಡು ದಿನಕ್ಕೆ ಮಾತ್ರ ತೆಗೆದುಕೊಳ್ಳಿ. ನಿಮ್ಮ ಹೆಂಡತಿಯ ಅಪೀರಾಂಥೋಸ್ ಆ ದಿನಗಳಲ್ಲಿ ಆಗುತ್ತದೆ, ನಿಮ್ಮ ಪ್ಲಾಕಾಗೆ ಬಸ್ಸೇ ಸಾಕು.

ಈಗ ಕಾರಣಕ್ಕೆ ಬರೋಣ. ಊರು ಆರಿಸುವಾಗ ಎಲ್ಲರೂ ಹಗಲಿನ ಫೋಟೋ ನೋಡುತ್ತಾರೆ. ನೀಲಿ ನೀರು, ಬಿಳಿ ಗೋಡೆ, ಕಲ್ಲಿನ ಓಣಿ. ಆದರೆ ಹಗಲು ಹೊತ್ತಿನಲ್ಲಿ ನೀವು ಎಲ್ಲಿಗೆ ಬೇಕಾದರೂ ಹೋಗಬಹುದು, ಬಸ್ಸಿದೆ, ಕಾರಿದೆ, ಕೈಯಲ್ಲಿ ಹೊತ್ತೂ ಇದೆ. ಸಂಜೆ ಏಳರ ಮೇಲೆ ಮಾತ್ರ ನೀವು ಉಳಿದುಕೊಂಡ ಊರಿನಲ್ಲೇ ಇರುತ್ತೀರಿ. ಗ್ರೀಸ್‌ನಲ್ಲಿ ಊರು ಜೀವ ತಳೆಯುವುದೂ ಆಗಲೇ. ಮಧ್ಯಾಹ್ನ ಎರಡರಿಂದ ಐದೂವರೆ ತನಕ ಹಳ್ಳಿಗಳು ಕದ ಮುಚ್ಚಿ ಮಲಗಿರುತ್ತವೆ, ಕತ್ತಲಾದ ಮೇಲೆ ಅಜ್ಜ-ಅಜ್ಜಿ, ಮೊಮ್ಮಕ್ಕಳು, ಎಲ್ಲ ಚೌಕಕ್ಕೆ ಬರುತ್ತಾರೆ. ಊಟ ಒಂಬತ್ತಕ್ಕೆ ಮೊದಲು ಆಗುವುದೇ ಕಡಿಮೆ. ಹಾಗಾಗಿ ನಾನು ಯಾರಿಗೇ ಆಗಲಿ ಮೊದಲು ಕೇಳುವ ಪ್ರಶ್ನೆ ಇದು: ರಾತ್ರಿ ಊಟಕ್ಕೆ ರೂಮಿನಿಂದ ಹೊರಟರೆ ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಎಷ್ಟು ದೂರ ನಡೆಯುತ್ತಾರೆ, ವಾಪಸ್ ಬರುವಾಗ ಏರು ಹತ್ತುತ್ತಾರಾ? ನಿಮ್ಮ ಮನೆಯಲ್ಲಿ ಅದು ನಿಮ್ಮ ತಾಯಿ. ಊರನ್ನು ಆರಿಸಬೇಕಾದದ್ದು ಅವರ ಕಾಲಿನ ಲೆಕ್ಕದಲ್ಲಿ. ಯುವಕರಾದ ನೀವಿಬ್ಬರು ಎಲ್ಲಿದ್ದರೂ ನಡೆಯುತ್ತದೆ, ಅಲ್ವಾ?

ನಾಕ್ಸೋಸ್ ಸಣ್ಣ ದ್ವೀಪ ಅಲ್ಲ ಅನ್ನುವುದನ್ನು ಇಲ್ಲೇ ಹೇಳಬೇಕು. ಸಿಕ್ಲಾಡಿಸ್ ಅನ್ನುವ ದ್ವೀಪಗಳ ಗುಂಪಿನಲ್ಲಿ ಇದೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ನಡುವೆ ಜ಼ಾಸ್ ಬೆಟ್ಟ, 1,000 ಮೀಟರಿಗಿಂತ ಸ್ವಲ್ಪ ಎತ್ತರ, ಆ ಗುಂಪಿನಲ್ಲೆಲ್ಲ ಎತ್ತರದ್ದು ಅದೇ. ಪಡುವಣ ದಂಡೆಯಲ್ಲಿ ಮರಳಿನ ಬೀಚುಗಳು ಸಾಲಾಗಿ ಇವೆ, ಒಳಗಡೆ ಆಲಿವ್ ತೋಟ, ಆಲೂಗಡ್ಡೆ ಹೊಲ, ದನ-ಮೇಕೆ, ಅಮೃತಶಿಲೆಯ ಗಣಿ. ಇಲ್ಲಿನ ಜನ ಪ್ರವಾಸಿಗರನ್ನೇ ನಂಬಿಕೊಂಡು ಬದುಕುವವರಲ್ಲ, ಬೇಸಾಯ ಇದೆ, ಹೈನುಗಾರಿಕೆ ಇದೆ. ಇದರಿಂದ ನಿಮಗೆ ಏನು ಅಂದರೆ, ಊರಿಂದ ಊರಿಗೆ ನಿಜವಾದ ವ್ಯತ್ಯಾಸ ಇದೆ. ಸಣ್ಣ ದ್ವೀಪದಲ್ಲಿ ಎಲ್ಲಿ ಉಳಿದರೂ ಇಪ್ಪತ್ತು ನಿಮಿಷದಲ್ಲಿ ಇನ್ನೊಂದು ತುದಿ ಸಿಗುತ್ತದೆ, ಇಲ್ಲಿ ಹಾಗಲ್ಲ. ಹೋರಾದಿಂದ ಅಪೀರಾಂಥೋಸ್ ಸುಮಾರು 26 ಕಿಲೋಮೀಟರ್, ತಿರುವಿನ ದಾರಿ, ಬಸ್ಸಿನಲ್ಲಿ ಒಂದು ಗಂಟೆ. ಉತ್ತರ ತುದಿಯ ಅಪೋಲೋನಾಸ್ ಇನ್ನೂ ದೂರ.

ಹೋರಾ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಹೋರಾ ಅಂತ ಬುಕ್ ಮಾಡಿದರೂ ಅದರೊಳಗೆ ಮೂರು ನಾಲ್ಕು ಬೇರೆ ಬೇರೆ ಜಾಗಗಳಿವೆ, ಅಲ್ಲಿ ತಪ್ಪಿದರೆ ಪೂರ್ತಿ ತಪ್ಪಿದಂತೆ. ಗುಡ್ಡದ ತುದಿಯಲ್ಲಿ ಕಾಸ್ತ್ರೋ, ಅಂದರೆ ಕೋಟೆ. 13ನೇ ಶತಮಾನದ ಆರಂಭದಲ್ಲಿ ವೆನಿಸ್‌ನ ಮಾರ್ಕೊ ಸಾನುದೋ ಈ ದ್ವೀಪ ಹಿಡಿದು ಕಟ್ಟಿಸಿದ್ದು. ಅದರ ಕೆಳಗೆ ಬುರ್ಗೋಸ್ ಅನ್ನುವ ಹಳೇ ಕೇರಿ. ಓಣಿಗಳ ಮೇಲೆ ಮನೆಗಳು ಹಾದುಹೋಗಿವೆ, ಕಮಾನಿನ ಕೆಳಗೆ ನಡೆಯಬೇಕು, ಬಹಳ ಚೆಂದ. ಅಲ್ಲಿ ರೂಮುಗಳೂ ಚೆಂದವಾಗಿವೆ. ಆದರೆ ಕಾರು ಒಳಗೆ ಬರುವುದಿಲ್ಲ, ಸೂಟ್‌ಕೇಸ್ ಎತ್ತಿಕೊಂಡು ಮೆಟ್ಟಿಲು ಹತ್ತಬೇಕು, ಮೆಟ್ಟಿಲುಗಳೂ ಒಂದೇ ಅಳತೆಯವಲ್ಲ. ಮಂಡಿನೋವಿನವರಿಗೆ ದಿನಕ್ಕೆ ಎರಡು ಸಲ ಅದನ್ನು ಹತ್ತಿ ಇಳಿಯುವುದು ಶಿಕ್ಷೆ. ಒಂದು ಸಂಜೆ ನಿಧಾನವಾಗಿ ಹತ್ತಿ ನೋಡಿ ಬರಲಿ, ಉಳಿಯುವುದು ಬೇಡ.

ಬಂದರಿನ ಉತ್ತರಕ್ಕೆ ಗ್ರೋತ್ತಾ. ಅಲ್ಲಿಂದ ಪೋರ್ತಾರಾ ಎದುರಿಗೇ ಕಾಣುತ್ತದೆ. ಪೋರ್ತಾರಾ ಅಂದರೆ ಕ್ರಿಸ್ತಪೂರ್ವ 530ರ ಸುಮಾರಿಗೆ ಶುರುವಾಗಿ ಎಂದೂ ಮುಗಿಯದ ಅಪೋಲೋ ಗುಡಿಯ ಬಾಗಿಲು. ಗುಡಿ ಇಲ್ಲ, ಅಮೃತಶಿಲೆಯ ಚೌಕಟ್ಟು ಮಾತ್ರ ಸಮುದ್ರದ ಕಡೆ ನಿಂತಿದೆ. ನೋಟ ಅದ್ಭುತ. ಆದರೆ ಗ್ರೋತ್ತಾ ಉತ್ತರದ ಗಾಳಿಗೆ ಮೈಯೊಡ್ಡಿಕೊಂಡಿದೆ, ದಂಡೆ ಕಲ್ಲಿನದು, ಊರಿನಿಂದ ಏರು ಬೇರೆ. ಮಕ್ಕಳಿಲ್ಲದ ಜೋಡಿಗೆ ನಾನೇ ಗ್ರೋತ್ತಾ ಹೇಳುತ್ತೇನೆ, ನಿಮಗಲ್ಲ.

ದಕ್ಷಿಣದ ಕಡೆ ಮಾತ್ರ ನೆಲ ಸಮತಟ್ಟು. ಸೇಂಟ್ ಜಾರ್ಜ್ ಬೀಚ್, ಗ್ರೀಕರ ಬಾಯಲ್ಲಿ ಅಗಿಯೋಸ್ ಯೊರ್ಗಿಯೋಸ್, ಊರಿಗೇ ಅಂಟಿಕೊಂಡಿರುವ ಬೀಚು. ಮರಳು ಸಣ್ಣದು, ನೀರು ತುಂಬಾ ದೂರದ ತನಕ ಮೊಣಕಾಲು-ಸೊಂಟದ ಮಟ್ಟದಲ್ಲೇ ಇರುತ್ತದೆ. 7 ವರ್ಷದ ಮಗುವಿಗೆ ದ್ವೀಪದಲ್ಲೆಲ್ಲ ಇದಕ್ಕಿಂತ ನಿಶ್ಚಿಂತೆಯ ನೀರು ಸಿಗುವುದು ಕಷ್ಟ. ಈಜಲು ಬರುವ ನಿಮಗೆ ಸ್ವಲ್ಪ ಸಪ್ಪೆ ಅನ್ನಿಸಬಹುದು, ನೀರಿನ ಬಣ್ಣವೂ ಪ್ಲಾಕಾದಷ್ಟು ಫೋಟೋಗೆ ಬರುವಂಥದ್ದಲ್ಲ. ಆದರೆ ಇಲ್ಲಿಂದ ಬಂದರಿನ ರಸ್ತೆಗೆ, ಅಂಗಡಿಗಳಿಗೆ, ಔಷಧಿ ಅಂಗಡಿಗೆ, ಬಸ್ ನಿಲ್ದಾಣಕ್ಕೆ ಎಲ್ಲ ಹತ್ತು ಹದಿನೈದು ನಿಮಿಷದ ನಡಿಗೆ, ಏರಿಲ್ಲದೆ. ನಿಮ್ಮ ತಾಯಿ ಸಂಜೆ ಸುಮ್ನೆ ಒಂದು ಸುತ್ತು ಹೋಗಿ ಬರುತ್ತೇನೆ ಅಂದರೆ ಯಾರ ಸಹಾಯವೂ ಬೇಡ. ಇದು ಎಷ್ಟು ದೊಡ್ಡ ವಿಷಯ ಅಂತ ವಯಸ್ಸಾದವರ ಜೊತೆ ಪ್ರವಾಸ ಮಾಡಿದವರಿಗೆ ಗೊತ್ತು. ಎಲ್ಲದಕ್ಕೂ ಮಗನ ಕಾರಿಗೆ ಕಾಯಬೇಕು ಅಂದರೆ ಅವರು ಮೂರನೇ ದಿನಕ್ಕೆ "ನೀವು ಹೋಗಿ ಬನ್ನಿ, ನಾನು ರೂಮಲ್ಲೇ ಇರ್ತೀನಿ" ಅನ್ನುತ್ತಾರೆ.

ಇನ್ನು ಬೀಚಿನ ಊರುಗಳು. ಹೋರಾದಿಂದ ದಕ್ಷಿಣಕ್ಕೆ ಹೋದರೆ ಮೊದಲು ಸ್ತೆಲಿದಾ ಅನ್ನುವ ಗುಡ್ಡ ಬರುತ್ತದೆ. ಈಜುಕೊಳ ಇರುವ ಒಳ್ಳೊಳ್ಳೆ ಹೋಟೆಲುಗಳು ಅಲ್ಲಿವೆ, ಸೂರ್ಯಾಸ್ತ ಚೆಂದ ಕಾಣುತ್ತದೆ, ಆದರೆ ಕೆಳಗಿಳಿಯದೆ ಒಂದು ಲೀಟರ್ ಹಾಲು ಸಿಗುವುದೂ ಕಷ್ಟ. ದಿನಾ ಕಾರು ಓಡಿಸುವವರಿಗೆ ಸರಿ. (ಇತಿಹಾಸದ ಆಸಕ್ತಿ ನಿಮ್ಮ ತಂದೆಗೆ ಇದ್ದರೆ ಅವರಿಗೆ ಹೇಳಿ: ಇದೇ ಗುಡ್ಡದಲ್ಲಿ ಸಿಕ್ಕ ಕಲ್ಲಿನ ಆಯುಧಗಳು ಸುಮಾರು 2 ಲಕ್ಷ ವರ್ಷ ಹಳೆಯವು ಅಂತ 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಈ ದ್ವೀಪಗಳಿಗೆ ಮನುಷ್ಯ ಅಷ್ಟು ಹಿಂದೆ ಬಂದಿದ್ದ ಅಂತ ಅದಕ್ಕೆ ಮೊದಲು ಹೆಚ್ಚಿನವರು ಅಂದುಕೊಂಡಿರಲಿಲ್ಲ.)

ಅದಾದ ಮೇಲೆ ಅಗಿಯೋಸ್ ಪ್ರೊಕೋಪಿಯೋಸ್, ಹೋರಾದಿಂದ ಸುಮಾರು 5 ಕಿಲೋಮೀಟರ್. ನಿಮ್ಮ ಬುಕಿಂಗ್ ಹುಡುಕಾಟದಲ್ಲಿ ಜಾಸ್ತಿ ಕಾಣಿಸುವ ಹೆಸರು ಇದೇ ಇರಬೇಕು. ಮರಳು ಸ್ವಲ್ಪ ದಪ್ಪ, ಮೈಗೆ ಅಂಟುವುದಿಲ್ಲ, ನೀರು ಸ್ಫಟಿಕ, ಉತ್ತರದ ಗಾಳಿಯಿಂದ ಸ್ತೆಲಿದಾ ಗುಡ್ಡ ಸ್ವಲ್ಪ ಮರೆ ಕೊಡುತ್ತದೆ. ಸೂಪರ್ ಮಾರ್ಕೆಟ್, ಊಟದ ಹೋಟೆಲು, ಬಸ್ಸು ಎಲ್ಲ ಇದೆ. ಹೋರಾ ಸಿಗದೆ ಹೋದರೆ ನಿಮಗೆ ನನ್ನ ಎರಡನೇ ಆಯ್ಕೆ ಇದು. ಆದರೆ ಅದು ಹಳ್ಳಿ ಅಲ್ಲ, ಬೇಸಿಗೆಗೆ ಅಂತ ಬೆಳೆದ ಬೀದಿ. ಪಕ್ಕದ ಅಗಿಯಾ ಅನ್ನಾ ಇದಕ್ಕಿಂತ ಚಿಕ್ಕದು, ಮೀನುಗಾರರ ದೋಣಿ ನಿಲ್ಲುವ ಪುಟ್ಟ ಕಟ್ಟೆ ಇದೆ, ಮರಳಿನ ಮೇಲೇ ಮೇಜು ಹಾಕುತ್ತಾರೆ. ಸಂಜೆಯ ಮಟ್ಟಿಗೆ ಪ್ರೊಕೋಪಿಯೋಸ್‌ಗಿಂತ ನನಗೆ ಅಗಿಯಾ ಅನ್ನಾ ಇಷ್ಟ.

ಪ್ಲಾಕಾ ನಿಮಗೆ ಯಾಕೆ ಇಷ್ಟವಾಯಿತು ಅಂತ ಅರ್ಥವಾಗುತ್ತದೆ. ಸುಮಾರು 4 ಕಿಲೋಮೀಟರ್ ಉದ್ದದ ಮರಳು, ಹಿಂದೆ ಬಿದಿರಿನಂಥ ಜೊಂಡು, ಹೊಲಗಳು. ಜೋಡಿಯಾಗಿ ಬಂದಿದ್ದರೆ ಕಣ್ಣು ಮುಚ್ಚಿ ಹೋಗಿ ಅನ್ನುತ್ತಿದ್ದೆ. ಆದರೆ ಪ್ಲಾಕಾ ಊರೇ ಅಲ್ಲ, ಚೌಕ ಇಲ್ಲ, ಚರ್ಚಿನ ಅಂಗಳದಲ್ಲಿ ಆಡುವ ಮಕ್ಕಳಿಲ್ಲ. ಹೋಟೆಲುಗಳು ಉದ್ದಕ್ಕೂ ದೂರ ದೂರ ಹರಡಿವೆ, ಬೀಚಿನ ಹಿಂದಿನ ದಾರಿ ಹಲವು ಕಡೆ ಇನ್ನೂ ಮಣ್ಣಿನದು, ಕಾರು ಹೋದರೆ ಧೂಳು, ರಾತ್ರಿ ದೀಪ ಕಡಿಮೆ. ಇನ್ನೊಂದು ವಿಷಯ, ಮುಜುಗರ ಬೇಡ ಅಂತ ಮೊದಲೇ ಹೇಳುತ್ತೇನೆ: ಪ್ಲಾಕಾದ ಕೆಲವು ಭಾಗಗಳಲ್ಲಿ ಬಟ್ಟೆಯಿಲ್ಲದೆ ಸ್ನಾನ ಮಾಡುವ ರೂಢಿ ಹಿಂದಿನಿಂದ ಇದೆ. ನಿಮಗೆ ಜರ್ಮನಿಯ ಕೆರೆಗಳಲ್ಲಿ ಅಭ್ಯಾಸ ಆಗಿರಬಹುದು, ಅಪ್ಪ-ಅಮ್ಮನ ಜೊತೆ ಇದ್ದಾಗ ಲೆಕ್ಕ ಬೇರೆ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ, ಉತ್ತರ ತುದಿಯ ಕಡೆ, ಅಗಿಯಾ ಅನ್ನಾಗೆ ಹತ್ತಿರದಲ್ಲಿ ಕುಳಿತು ಬನ್ನಿ.

ಇನ್ನೂ ದಕ್ಷಿಣದ ಮಿಕ್ರಿ ವಿಗ್ಲಾ ಗಾಳಿಯ ಊರು. ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವ ಆಟದವರು ಅದಕ್ಕಾಗಿಯೇ ಬರುತ್ತಾರೆ. ನಿಮಗೆ ಬೇಡ.

ಗಾಳಿಯ ಮಾತು ಬಂದಿದ್ದರಿಂದ ಒಂದೆರಡು ಸಾಲು. ಜುಲೈ-ಆಗಸ್ಟ್‌ನಲ್ಲಿ ಇಲ್ಲಿ ಉತ್ತರದಿಂದ ಮೆಲ್ತೆಮಿ ಅನ್ನುವ ಒಣ ಗಾಳಿ ಬೀಸುತ್ತದೆ, ಬಾಲ್ಕನ್ ಕಡೆ ಹೆಚ್ಚಿನ ಒತ್ತಡ, ಟರ್ಕಿ ಕಡೆ ಕಡಿಮೆ ಒತ್ತಡ, ನಡುವೆ ಈ ದ್ವೀಪಗಳು. ಆಕಾಶ ನೀಲಿಯಾಗೇ ಇರುತ್ತದೆ, ಆದರೆ ಮರಳು ಕಾಲಿಗೆ ಚುಚ್ಚುತ್ತದೆ, ದಿನಗಟ್ಟಲೆ ನಿಲ್ಲುವುದಿಲ್ಲ. ಸೆಪ್ಟೆಂಬರ್‌ಗೆ ಜೋರು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ನೀರು ಮಾತ್ರ ಬೇಸಿಗೆಯಿಡೀ ಕಾದಿದ್ದು ಆಗ ಬೆಚ್ಚಗಿರುತ್ತದೆ. ನೀವು ಆರಿಸಿದ ವಾರ ಒಳ್ಳೆಯದು.

ಈಗ ನಿಮ್ಮ ಹೆಂಡತಿಯ ಆಸೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ನಾಕ್ಸೋಸ್‌ನ ಜೀವ ಇರುವುದು ಬೆಟ್ಟದ ಹಳ್ಳಿಗಳಲ್ಲೇ. ಬೀಚು ನೋಡಿ ವಾಪಸ್ ಹೋದವರು ಅರ್ಧ ದ್ವೀಪವನ್ನೂ ನೋಡಿಲ್ಲ. ಅಪೀರಾಂಥೋಸ್ ಸುಮಾರು 600 ಮೀಟರ್ ಎತ್ತರದಲ್ಲಿದೆ. ಓಣಿಗಳಿಗೆ ಹಾಸಿರುವುದೇ ಅಮೃತಶಿಲೆ. ಕಲ್ಲಿನ ಮನೆಗಳು, ವೆನಿಸ್ ಶೈಲಿಯ ಗೋಪುರ ಮನೆ, ಪುಟ್ಟ ಪುಟ್ಟ ಮ್ಯೂಸಿಯಂಗಳು. ಅಲ್ಲಿಯವರ ಮೂಲ ಕ್ರೀಟ್ ದ್ವೀಪ ಅಂತ ಹೇಳುತ್ತಾರೆ, ಮಾತಿನ ಧಾಟಿಯೂ ಪಕ್ಕದ ಹಳ್ಳಿಗಿಂತ ಬೇರೆ. ಕೂತಲ್ಲೇ ಪ್ರಾಸ ಕಟ್ಟಿ ಎರಡೆರಡು ಸಾಲಿನ ಪದ್ಯ ಹೇಳುವುದರಲ್ಲಿ ಹೆಸರುವಾಸಿ, ಅದಕ್ಕೆ ಕೊತ್ಸಾಕಿಯಾ ಅನ್ನುತ್ತಾರೆ. ಬದುಕು ನಡೆಸಿದ್ದು ಎಮೆರಿ ಗಣಿಯಿಂದ, ಅಂದರೆ ಲೋಹ ಉಜ್ಜುವ ಗಟ್ಟಿ ಕಲ್ಲು. ಆ ಕಲ್ಲನ್ನು ತಂತಿಯ ಮೇಲೆ ತೂಗುಬಿಟ್ಟ ತೊಟ್ಟಿಗಳಲ್ಲಿ ಮುತ್ಸುನಾ ಬಂದರಿಗೆ ಇಳಿಸುತ್ತಿದ್ದರು. ಆ ಕಂಬಗಳು ಈಗಲೂ ದಾರಿಯಲ್ಲಿ ಕಾಣುತ್ತವೆ. 1941ರ ಮೇ 30ರ ರಾತ್ರಿ ಅಥೆನ್ಸ್‌ನ ಅಕ್ರೋಪೊಲಿಸ್ ಹತ್ತಿ ನಾಜಿ ಬಾವುಟ ಕಿತ್ತುಹಾಕಿದ ಇಬ್ಬರು ಹುಡುಗರಲ್ಲಿ ಒಬ್ಬರಾದ ಮಾನೋಲಿಸ್ ಗ್ಲೆಜೋಸ್ ಹುಟ್ಟಿದ್ದು ಇದೇ ಊರಿನಲ್ಲಿ, 1922ರಲ್ಲಿ. ಈ ಕಥೆ ಗೊತ್ತಿದ್ದು ಆ ಓಣಿಯಲ್ಲಿ ನಡೆದರೆ ಊರು ಬೇರೆಯದೇ ಆಗಿ ಕಾಣುತ್ತದೆ.

ಆದರೆ ಅಮೃತಶಿಲೆಯ ಆ ಹಾಸು ಜನ ನಡೆದೂ ನಡೆದೂ ನುಣುಪಾಗಿದೆ, ಮೆಟ್ಟಿಲುಗಳು ಸಾಲು ಸಾಲು, ಕಾರನ್ನು ಊರ ಹೊರಗೇ ನಿಲ್ಲಿಸಬೇಕು. ನಿಮ್ಮ ತಾಯಿಗೆ ಅಲ್ಲಿ ಎರಡು ರಾತ್ರಿ ಅಂದರೆ ಎರಡು ದಿನವೂ ರೂಮೇ ಗತಿ. ಮಗಳಿಗೆ ಸಮುದ್ರ ದೂರ. ಅದಕ್ಕೆ ನನ್ನ ಸಲಹೆ: ಕಾರಿರುವ ದಿನ ಮಧ್ಯಾಹ್ನ ಊಟ, ನಿದ್ದೆ ಎಲ್ಲ ಹೋರಾದಲ್ಲೇ ಮುಗಿಸಿ ನಾಲ್ಕೂವರೆಗೆ ಹೊರಡಿ. ಅಪೀರಾಂಥೋಸ್ ತಲುಪುವ ಹೊತ್ತಿಗೆ ಊರು ನಿದ್ದೆಯಿಂದ ಏಳುತ್ತಿರುತ್ತದೆ, ಹಗಲಿನ ಟೂರಿಸ್ಟ್ ಬಸ್ಸುಗಳು ಹೊರಟುಹೋಗಿರುತ್ತವೆ. ಅಪ್ಪ-ಅಮ್ಮ ಊರ ಬಾಯಲ್ಲಿರುವ ಕಾಫಿ ಅಂಗಡಿಯಲ್ಲಿ ಕೂತು ಹೋಗಿ ಬರುವವರನ್ನು ನೋಡಲಿ, ಮಗಳು ಅವರ ಜೊತೆ ಇರಲಿ, ನೀವಿಬ್ಬರೂ ಒಂದೂವರೆ ಗಂಟೆ ಓಣಿ ಸುತ್ತಿ. ಆ ವಾರ ಸೂರ್ಯ ಮುಳುಗುವುದು ಏಳೂಮುಕ್ಕಾಲರ ಆಸುಪಾಸು. ಪೂರ್ತಿ ಕತ್ತಲಾಗುವ ಮೊದಲು ಕೆಳಗಿಳಿಯಿರಿ, ತಿರುವುಗಳಲ್ಲಿ ಮೇಕೆಗಳು ಅಡ್ಡ ಬರುತ್ತವೆ.

ಅದೇ ದಾರಿಯಲ್ಲಿ ಹಾಲ್ಕಿ ಸಿಗುತ್ತದೆ, ಹೋರಾದಿಂದ ಸುಮಾರು 16 ಕಿಲೋಮೀಟರ್. ಆಲಿವ್ ತೋಟಗಳ ನಡುವೆ ಇರುವ ಸಣ್ಣ ಊರು, ಚೌಕದ ಸುತ್ತ ಹೆಚ್ಚು ಏರಿಳಿತ ಇಲ್ಲ, ನಿಮ್ಮ ತಾಯಿ ಆರಾಮಾಗಿ ನಡೆಯಬಹುದು. 1896ರಿಂದ ನಡೆಯುತ್ತಿರುವ ವಲ್ಲಿಂದ್ರಾಸ್ ಭಟ್ಟಿ ಇಲ್ಲಿದೆ. ನಮ್ಮ ಮಾದಲ ಹಣ್ಣಿನ ಜಾತಿಯ ಗಿಡದ ಎಲೆಯಿಂದ ಕಿತ್ರೋನ್ ಅನ್ನುವ ಮದ್ಯ ಮಾಡುತ್ತಾರೆ, ಕುಡಿಯದವರೂ ಒಳಗೆ ಹೋಗಿ ತಾಮ್ರದ ಹಂಡೆಗಳನ್ನು ನೋಡಬಹುದು. ಹತ್ತಿರದ ಮೋನಿ ಊರಿನ ಕೆಳಗೆ ಪಾನಾಗಿಯಾ ದ್ರೊಸಿಯಾನಿ ಚರ್ಚು, ಒಳಗಿನ ಗೋಡೆಚಿತ್ರಗಳಲ್ಲಿ ಹಳೆಯವು 7ನೇ ಶತಮಾನದ ಸುಮಾರಿನವು. ಒಂದು ವೇಳೆ ನಿಮ್ಮ ಹೆಂಡತಿ "ಒಂದು ರಾತ್ರಿಯಾದರೂ ಬೆಟ್ಟದಲ್ಲಿ ಇರಲೇಬೇಕು" ಅಂದರೆ, ಅಪೀರಾಂಥೋಸ್ ಬದಲು ಹಾಲ್ಕಿ ನೋಡಿ, ಹೋರಾದಲ್ಲಿ ನಾಲ್ಕು, ಇಲ್ಲಿ ಎರಡು. ಆದರೂ ಐದು ಜನರ ಸಾಮಾನು ಕಟ್ಟಿ ಬಿಚ್ಚುವುದರಲ್ಲಿ ಅರ್ಧ ದಿನ ಹೋಗುತ್ತದೆ. ಆರು ರಾತ್ರಿಗೆ ಎರಡು ಊರು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಫಿಲೋತಿಯನ್ನು ಬಿಡುವಂತಿಲ್ಲ. ಜ಼ಾಸ್ ಬೆಟ್ಟದ ಮಗ್ಗುಲಿನ ದೊಡ್ಡ ಹಳ್ಳಿ, ಚೌಕದಲ್ಲಿ ಭಾರಿ ಚಿನಾರ್ ಮರ, ಅದರ ಕೆಳಗೆ ಕಾಫಿ. ಆಗಸ್ಟ್ 15ರ ಮಾತೆ ಮೇರಿಯ ಹಬ್ಬದಲ್ಲಿ ಇಲ್ಲಿ ರಾತ್ರಿಯಿಡೀ ಪಿಟೀಲು, ಕುಣಿತ. ನೀವು ಹೋಗುವ ಹೊತ್ತಿಗೆ ಅದು ಮುಗಿದಿರುತ್ತದೆ. ಬೇರೆ ಓದುಗರಿಗೆ ಹೇಳುವುದಾದರೆ, ಆ ವಾರ ಅಥೆನ್ಸ್‌ನಲ್ಲಿರುವ ನಾಕ್ಸೋಸ್‌ನವರೆಲ್ಲ ಊರಿಗೆ ಬರುತ್ತಾರೆ, ರೂಮು ಕೊನೇ ಗಳಿಗೆಯಲ್ಲಿ ಸಿಗುವುದಿಲ್ಲ.

ನಿಮ್ಮ ತಂದೆಗಾಗಿ ಇನ್ನೊಂದು ಬೆಳಿಗ್ಗೆ: ಸಾಂಗ್ರಿ ಹತ್ತಿರದ ದೆಮೆತೆರ್ ಗುಡಿ. ಬೆಳೆಯ ದೇವತೆಯ ಗುಡಿ, ಸುತ್ತ ಈಗಲೂ ಹೊಲಗಳೇ. ಕ್ರಿಸ್ತಪೂರ್ವ 6ನೇ ಶತಮಾನದ್ದು, ಪೂರ್ತಿ ಅಮೃತಶಿಲೆಯದ್ದು, ಬಿದ್ದಿದ್ದ ಕಲ್ಲುಗಳನ್ನು ಜೋಡಿಸಿ ಸ್ವಲ್ಪ ಭಾಗ ಎತ್ತಿ ನಿಲ್ಲಿಸಿದ್ದಾರೆ. ಮೆಲಾನೆಸ್ ಕಣಿವೆಯಲ್ಲಿ ಅರ್ಧ ಕೆತ್ತಿ ಗಣಿಯಲ್ಲೇ ಬಿಟ್ಟುಹೋದ ದೊಡ್ಡ ಪ್ರತಿಮೆ ಮಲಗಿದೆ, ಕೂರೋಸ್ ಅನ್ನುತ್ತಾರೆ. ಇಂಥದ್ದೇ ಇನ್ನೂ ದೊಡ್ಡದು, 10 ಮೀಟರಿಗಿಂತ ಉದ್ದದ್ದು, ಅಪೋಲೋನಾಸ್‌ನಲ್ಲಿದೆ, ಆದರೆ ಅಷ್ಟು ದೂರ ಮಗುವನ್ನು ಕೂರಿಸಿಕೊಂಡು ಹೋಗಬೇಡಿ, ಮೆಲಾನೆಸ್‌ನದ್ದು ಸಾಕು.

ಊಟದ ವಿಷಯ ನಿಮ್ಮ ತಲೆಯಲ್ಲಿ ದೊಡ್ಡದಾಗಿ ಇರಬೇಕು. ಊರು ಆರಿಸುವುದಕ್ಕೂ ಇದಕ್ಕೂ ಸಂಬಂಧ ಇದೆ. ಹೋರಾದಲ್ಲಿ ಹೋಟೆಲುಗಳು ಜಾಸ್ತಿ, ಒಂದು ಕಡೆ ಸರಿಯಾಗದಿದ್ದರೆ ಪಕ್ಕಕ್ಕೆ ಹೋಗಬಹುದು. ಪ್ಲಾಕಾದಲ್ಲಿ ಆ ಅನುಕೂಲ ಇಲ್ಲ. ಗ್ರೀಕ್ ಆರ್ಥೊಡಾಕ್ಸ್ ಚರ್ಚಿನವರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ, ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಅದಕ್ಕೆ ನಿಸ್ತಿಸಿಮೋ ಅನ್ನುವ ಅಡುಗೆ ಅಂತಲೇ ಇದೆ, ಆ ಮಾತು ಹೇಳಿದರೆ ಹಳ್ಳಿಯ ಅಜ್ಜಿಗೂ ಅರ್ಥವಾಗುತ್ತದೆ. ಆದರೆ ಅದರಲ್ಲಿ ಸಿಗಡಿ, ಆಕ್ಟೋಪಸ್ ನಡೆಯುತ್ತವೆ. ಆದ್ದರಿಂದ ಜೊತೆಗೆ "ಹೊರಿಸ್ ಕ್ರೆಯಾಸ್, ಹೊರಿಸ್ ಪ್ಸಾರಿ" ಅಂತಲೂ ಸೇರಿಸಿ, ಮಾಂಸ ಬೇಡ, ಮೀನು ಬೇಡ ಅಂತ. ಸಿಗಡಿಯೂ ಬೇಡ ಅನ್ನುವುದನ್ನು ಬಿಡಿಸಿ ಹೇಳಿ. ಫಾವಾ ಅಂದರೆ ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿ ಈರುಳ್ಳಿ, ಎಣ್ಣೆ ಹಾಕಿ ಕೊಡುವುದು, ನಿಮ್ಮ ತಾಯಿಗೆ ಇಷ್ಟವಾಗುತ್ತದೆ. ಗಿಗಾಂತೆಸ್ ಅನ್ನುವ ದಪ್ಪ ಬಿಳಿ ಬೀನ್ಸ್ ಟೊಮೆಟೊ ಗೊಜ್ಜಿನಲ್ಲಿ ಬರುತ್ತದೆ. ಬ್ರಿಯಾಮ್ ಅಂದರೆ ಬದನೆಕಾಯಿ, ಆಲೂಗಡ್ಡೆ, ಕುಂಬಳ ಜಾತಿಯ ಕಾಯಿ ಒಲೆಯಲ್ಲಿ ಬೇಯಿಸಿದ್ದು. ಅನ್ನ ತುಂಬಿದ ಟೊಮೆಟೊ, ದಪ್ಪ ಮೆಣಸಿನಕಾಯಿಗೆ ಗೆಮಿಸ್ತಾ ಅನ್ನುತ್ತಾರೆ, ಕೆಲವರು ಖೀಮಾ ಹಾಕುತ್ತಾರೆ, ಕೇಳಿ ತಿನ್ನಿ. ನಾಕ್ಸೋಸ್‌ನ ಆಲೂಗಡ್ಡೆ ಗ್ರೀಸ್‌ಗೆಲ್ಲ ಹೆಸರುವಾಸಿ, ಆದರೆ ಕರಿದಿದ್ದು ಬೇಕಿದ್ದರೆ ಮೀನು ಕರಿದ ಎಣ್ಣೆಯಾ ಅಂತ ಕೇಳಿ. ಇಲ್ಲಿನ ಗ್ರಾವಿಯೆರಾ ಚೀಸ್ ಬಹಳ ರುಚಿ, ಆದರೆ ಇಂಥ ಗಟ್ಟಿ ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುವುದು ಸಾಮಾನ್ಯ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ.

ಇಷ್ಟಾದರೂ ಮೂರನೇ ದಿನ ಅನ್ನ-ಸಾರು ಬೇಕು ಅನ್ನಿಸುತ್ತದೆ. ಅದಕ್ಕೇ ಹೋಟೆಲ್ ರೂಮಿನ ಬದಲು ಸ್ಟುಡಿಯೋ ಅಥವಾ ಅಪಾರ್ಟ್‌ಮೆಂಟ್ ನೋಡಿ. ಸೇಂಟ್ ಜಾರ್ಜ್ ಬೀದಿಗಳಲ್ಲಿ ಮನೆಯವರೇ ನಡೆಸುವ ಇಂಥವು ಬಹಳ ಇವೆ, ಎರಡು ಒಲೆ, ಪುಟ್ಟ ಫ್ರಿಜ್, ನಾಲ್ಕು ಪಾತ್ರೆ ಇರುತ್ತವೆ. ಸಾರಿನ ಪುಡಿ, ಚಟ್ನಿಪುಡಿ, ಒಂದು ಸಣ್ಣ ಕುಕ್ಕರ್ ಮ್ಯೂನಿಕ್‌ನಿಂದಲೇ ತನ್ನಿ. ಅಕ್ಕಿ, ಮೊಸರು, ತರಕಾರಿ ಎಲ್ಲ ಅಲ್ಲೇ ಸಿಗುತ್ತದೆ, ಮೊಸರಂತೂ ಬಹಳ ಚೆನ್ನಾಗಿರುತ್ತದೆ.

ಬುಕ್ ಮಾಡುವ ಮೊದಲು ಮನೆಯವರಿಗೆ ಒಂದು ಮೆಸೇಜ್ ಹಾಕಿ ಕೇಳಿ: ಗ್ರೌಂಡ್ ಫ್ಲೋರ್ ರೂಮು ಕೊಡುತ್ತೀರಾ, ಬಾಗಿಲ ತನಕ ಕಾರು ಬರುತ್ತದಾ, ಬಾತ್‌ರೂಮಿಗೆ ಮೆಟ್ಟಿಲಿದೆಯಾ. ಎರಡು ಮಹಡಿಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಕಡಿಮೆ. "ಸಮುದ್ರ ಕಾಣುತ್ತದೆ" ಅನ್ನುವ ಸಾಲು ಹೋರಾದಲ್ಲಿ ಹೆಚ್ಚಾಗಿ ಏರಿನ ಮೇಲಿನ ರೂಮು ಅಂತ ಅರ್ಥ. ವಿಳಾಸದಲ್ಲಿ ನಾಕ್ಸೋಸ್ ಅಂತ ಇದ್ದರೆ ಸಾಲದು, ನಕ್ಷೆಯಲ್ಲಿ ಗುರುತು ಎಲ್ಲಿದೆ ಅಂತ ತೆರೆದು ನೋಡಿ, ಕಿಲೋಮೀಟರ್ ಆಚೆ ಇರುವ ಹೋಟೆಲುಗಳೂ ಅದೇ ಹೆಸರು ಹಾಕಿಕೊಂಡಿರುತ್ತವೆ. ಬಾಡಿಗೆಯ ಜೊತೆಗೆ ಸರ್ಕಾರದ ತೆರಿಗೆ ರಾತ್ರಿಯ ಲೆಕ್ಕದಲ್ಲಿ ಬೇರೆ ಇದೆ, ಅದನ್ನು ಹೆಚ್ಚಾಗಿ ಅಲ್ಲೇ ಕಟ್ಟಿಸಿಕೊಳ್ಳುತ್ತಾರೆ.

ಕಾರಿನ ಬಗ್ಗೆ: ನಿಮ್ಮದು ಜರ್ಮನಿಯ ಲೈಸೆನ್ಸ್ ಆಗಿದ್ದರೆ ಗ್ರೀಸ್‌ನಲ್ಲಿ ನೇರವಾಗಿ ನಡೆಯುತ್ತದೆ. ಭಾರತದಿಂದ ಬಂದು ಓಡಿಸುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಅನ್ನು ಆರ್‌ಟಿಓದಲ್ಲಿ ಮೊದಲೇ ಮಾಡಿಸಿಕೊಂಡಿರಬೇಕು. ಆಟೋಮ್ಯಾಟಿಕ್ ಕಾರು ಬೇಕಿದ್ದರೆ ಬೇಗ ಕಾಯ್ದಿರಿಸಿ, ಅವು ಕಡಿಮೆ. ಉಳಿದ ದಿನಗಳಿಗೆ ಬಸ್ಸು ಸಾಕು. ಬಂದರಿನ ಪಕ್ಕದಲ್ಲೇ ನಿಲ್ದಾಣ, ಪ್ರೊಕೋಪಿಯೋಸ್, ಅಗಿಯಾ ಅನ್ನಾ, ಪ್ಲಾಕಾ ಕಡೆಗೆ ಬೇಸಿಗೆಯಲ್ಲಿ ಆಗಾಗ ಹೊರಡುತ್ತವೆ. ಬೆಟ್ಟದ ಹಳ್ಳಿಗಳಿಗೆ ದಿನಕ್ಕೆ ಕೆಲವೇ ಇವೆ. ಟಿಕೆಟ್ ಹತ್ತುವ ಮೊದಲೇ ತೆಗೆದುಕೊಂಡರೆ ನಿರಾಳ.

ಬರುವ ದಾರಿಗೆ ಬಂದರೆ, ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಸುಮಾರು ಐದೂವರೆ ಗಂಟೆ. ವೇಗದ ಹಡಗು ಬೇಗ ತಲುಪುತ್ತದೆ, ಆದರೆ ಗಾಳಿ ಇದ್ದರೆ ಜಾಸ್ತಿ ಕುಲುಕುತ್ತದೆ, ಹೊರಗೆ ನಿಲ್ಲಲು ಜಾಗವೂ ಕಡಿಮೆ. ಅಪ್ಪ-ಅಮ್ಮ ಇರುವುದರಿಂದ ದೊಡ್ಡದನ್ನೇ ಹಿಡಿಯಿರಿ, ಒಳಗೆ ಲಿಫ್ಟ್ ಅಥವಾ ಎಸ್ಕಲೇಟರ್ ಇರುತ್ತದೆ. ಅಥೆನ್ಸ್‌ನಿಂದ ಪುಟ್ಟ ವಿಮಾನವೂ ಇದೆ, ಮುಕ್ಕಾಲು ಗಂಟೆಯೊಳಗೆ ಇಳಿಸುತ್ತದೆ, ನಿಲ್ದಾಣ ಹೋರಾದಿಂದ ಕೆಲವೇ ಕಿಲೋಮೀಟರ್. ವಾಪಸ್ ಹೋಗುವಾಗ ಮಾತ್ರ ಹಡಗು ಇಳಿದ ದಿನವೇ ಮ್ಯೂನಿಕ್ ವಿಮಾನ ಇಟ್ಟುಕೊಳ್ಳಬೇಡಿ. ಗಾಳಿ ಜೋರಾದರೆ ಬಂದರಿನವರು ಹಡಗು ಬಿಡುವುದಿಲ್ಲ, ಸೆಪ್ಟೆಂಬರ್‌ನಲ್ಲೂ ಹಾಗಾಗಬಹುದು. ಕೊನೆಯ ರಾತ್ರಿ ಅಥೆನ್ಸ್‌ನಲ್ಲಿ ಕಳೆಯುವಂತೆ ಟಿಕೆಟ್ ಮಾಡಿ. ನಾಕ್ಸೋಸ್‌ನ ಆರು ರಾತ್ರಿ ಐದಾದರೂ ಪರವಾಗಿಲ್ಲ.